ಸಂಬಂಧದಲ್ಲಿನ ದ್ರೋಹದ ಬಗ್ಗೆ ಬರೆಯುವಾಗ ಪದಗಳನ್ನು ಆರಿಸುವ ಬಗೆ

ದಾಂಪತ್ಯದಲ್ಲೋ ಪ್ರೀತಿಯಲ್ಲೋ ನಡೆದ ದ್ರೋಹದ ಬಗ್ಗೆ ಬರೆಯಲು ಕುಳಿತಾಗ, ನಡೆದದ್ದೇನು ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಂಡು ಆಮೇಲೆ ಪದವನ್ನು ಆರಿಸಬೇಕು. ‘ಮೋಸ’ ಎಲ್ಲೆಡೆ ಸಲ್ಲುವ ಪದವಾದರೂ ಹಣದ ವ್ಯವಹಾರಕ್ಕೂ ಅದೇ ಬಳಕೆಯಾಗುವುದರಿಂದ, ‘ಗಂಡ ಮೋಸ ಮಾಡಿದ’ ಎಂದಷ್ಟೇ ಬರೆದರೆ ಓದುಗರಿಗೆ ವಿಷಯ ತಿಳಿಯುವುದಿಲ್ಲ. ನಂಬಿಕೆ ಮುರಿದದ್ದೇ ಮುಖ್ಯವಾದಲ್ಲಿ ‘ನಂಬಿಕೆದ್ರೋಹ’ ಅಥವಾ ‘ವಿಶ್ವಾಸಘಾತ’ ಹೊಂದುತ್ತದೆ; ಮದುವೆಯ ಮಾತು ಕೊಟ್ಟು ಬಿಟ್ಟುಹೋದವರ ವಿಷಯದಲ್ಲಿ ಆಡುಮಾತಿನ ‘ಕೈಕೊಟ್ಟ’ ಎಂಬುದೇ ಸಾಕು.

ಹೆಚ್ಚಿನ ಎಚ್ಚರ ಬೇಕಾದದ್ದು ‘ಹಾದರ’, ‘ವ್ಯಭಿಚಾರ’, ‘ಅಕ್ರಮ ಸಂಬಂಧ’ ಎಂಬಂಥ ಪದಗಳಲ್ಲಿ. ‘ಹಾದರ’ ಹಳೆಯ ಪದವೇ ಆದರೂ ಇಂದು ಬೈಗುಳವಾಗಿಯೇ ಕೇಳಿಸುತ್ತದೆ, ಮತ್ತು ಆ ಬೈಗುಳದ ಭಾರ ಬಹುಪಾಲು ಹೆಣ್ಣಿನ ಮೇಲೆಯೇ ಬೀಳುತ್ತದೆ. ‘ವ್ಯಭಿಚಾರ’ ಕಾನೂನಿನ ಭಾಷೆಗೂ ಸೇರಿದ್ದು: ಸುಪ್ರೀಂ ಕೋರ್ಟ್ 2018ರಲ್ಲಿ ಭಾರತೀಯ ದಂಡ ಸಂಹಿತೆಯ 497ನೇ ಕಲಮನ್ನು ರದ್ದುಪಡಿಸಿದ ಮೇಲೆ ಅದು ಅಪರಾಧವಾಗಿ ಉಳಿದಿಲ್ಲ, ಆದರೆ ವಿಚ್ಛೇದನ ಕೋರಲು ಈಗಲೂ ಕಾರಣವಾಗಬಲ್ಲದು. ಆದ್ದರಿಂದ ‘ಅಕ್ರಮ ಸಂಬಂಧ’ ಎಂಬ ಪತ್ರಿಕೆಗಳ ರೂಢಿಯ ಮಾತನ್ನು ಕೈಬಿಟ್ಟು ‘ವಿವಾಹೇತರ ಸಂಬಂಧ’ ಎಂದು ಬರೆಯುವುದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ವಾಕ್ಯದ ಕರ್ತೃವನ್ನೂ ಗಮನಿಸಿ. ‘ಅವಳಿಗೆ ದ್ರೋಹವಾಯಿತು’ ಎಂಬಲ್ಲಿ ದ್ರೋಹ ಬಗೆದವನೇ ಕಾಣೆಯಾಗುತ್ತಾನೆ. ‘ಅವನು ಅವಳಿಗೆ ದ್ರೋಹ ಬಗೆದ’ ಎಂದು ನೇರವಾಗಿ ಬರೆಯಿರಿ. ನೊಂದವರಿಗೇ ಪತ್ರ ಬರೆಯುವುದಾದರೆ, ಅವರು ತಮ್ಮ ನೋವಿಗೆ ಯಾವ ಪದ ಬಳಸಿದ್ದಾರೋ ಅದನ್ನೇ ಬಳಸಿ. ಅದಕ್ಕಿಂತ ಕಟುವಾದದ್ದನ್ನು ನೀವಾಗಿ ಸೇರಿಸಬೇಡಿ.