ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಓದುವ ಬಗೆ

ಅಮೆರಿಕದ ಆರಂಭಕಾಲದ ಆದರ್ಶಗಳನ್ನು ತಿಳಿಯಹೊರಟವರಲ್ಲಿ ಬಹುಪಾಲು ಜನ 1776ರ ಸ್ವಾತಂತ್ರ್ಯ ಘೋಷಣೆಯ ಒಂದೇ ವಾಕ್ಯವನ್ನು ಓದಿ ನಿಲ್ಲಿಸಿಬಿಡುತ್ತಾರೆ. ಎಲ್ಲ ಮನುಷ್ಯರೂ ಸಮಾನರಾಗಿ ಸೃಷ್ಟಿಯಾಗಿದ್ದಾರೆ, ಜೀವ, ಸ್ವಾತಂತ್ರ್ಯ ಮತ್ತು ಸುಖವನ್ನು ಅರಸುವುದು ಅವರಿಂದ ಕಸಿಯಲಾಗದ ಹಕ್ಕು ಎಂದು ಸಾರುವ ಆ ವಾಕ್ಯವನ್ನು ಕೆಲವರು ಮಂತ್ರದಂತೆ ಉಚ್ಚರಿಸುತ್ತಾರೆ. ಇನ್ನು ಕೆಲವರು, ಅದನ್ನು ಬರೆದ ಥಾಮಸ್ ಜೆಫರ್ಸನ್ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದ ಎಂದು ನೆನಪಿಸಿ ಇಡೀ ಪಠ್ಯವನ್ನೇ ತಳ್ಳಿಹಾಕುತ್ತಾರೆ. ಇವೆರಡೂ ಅವಸರದ ತೀರ್ಮಾನಗಳು. ಘೋಷಣೆ ಒಂದು ರಾಷ್ಟ್ರದ ಆತ್ಮಚರಿತ್ರೆಯಲ್ಲ, ಏಕೆಂದರೆ ಆಗ ಅಂಥದೊಂದು ರಾಷ್ಟ್ರವೇ ಇರಲಿಲ್ಲ. ಅದು ಬ್ರಿಟನ್ನಿನ ಹದಿಮೂರು ವಸಾಹತುಗಳ ಪ್ರತಿನಿಧಿಗಳು ಲೋಕದ ಮುಂದೆ ಮಂಡಿಸಿದ ದಾವೆ. ದಾವೆಯನ್ನು ಓದುವ ಕ್ರಮದಲ್ಲಿಯೇ ಅದನ್ನು ಓದಿದರೆ ಆದರ್ಶಕ್ಕೂ ರಾಷ್ಟ್ರಭಾವನೆಗೂ ಇರುವ ನಿಜವಾದ ಸಂಬಂಧ ಕಾಣತೊಡಗುತ್ತದೆ.

ಮೊದಲು ಪೂರ್ಣ ಪಠ್ಯವನ್ನು ದೊರಕಿಸಿಕೊಳ್ಳಿ. ವಾಷಿಂಗ್ಟನ್‌ನ ರಾಷ್ಟ್ರೀಯ ದಾಖಲೆ ಸಂಗ್ರಹಾಲಯ ಅದನ್ನು ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸಿದೆ. ಇಡೀ ಪಠ್ಯ ಸುಮಾರು 1300 ಪದಗಳಷ್ಟೇ ಇರುವುದರಿಂದ ಸಾರಾಂಶಗಳನ್ನು ಆಶ್ರಯಿಸುವ ಅಗತ್ಯವಿಲ್ಲ.

ಓದನ್ನು ಕೊನೆಯ ಪರಿಚ್ಛೇದದಿಂದ ಆರಂಭಿಸಿ. ಕಾನೂನಿನ ದೃಷ್ಟಿಯಿಂದ ಕೆಲಸ ಮಾಡುವ ಮಾತು ಇರುವುದು ಅಲ್ಲಿ. ಈ ವಸಾಹತುಗಳು ಇನ್ನು ಮುಂದೆ ಸ್ವತಂತ್ರ ರಾಜ್ಯಗಳು, ಯುದ್ಧ ಹೂಡಲು, ಸಂಧಿ ಮಾಡಿಕೊಳ್ಳಲು, ಮೈತ್ರಿ ಬೆಳೆಸಲು, ವ್ಯಾಪಾರ ನಡೆಸಲು ಅವುಗಳಿಗೆ ಪೂರ್ಣ ಅಧಿಕಾರವಿದೆ ಎಂದು ಅದು ಹೇಳುತ್ತದೆ. ಈ ನಿರ್ಣಯವನ್ನು ವರ್ಜೀನಿಯಾದ ರಿಚರ್ಡ್ ಹೆನ್ರಿ ಲೀ ಜೂನ್ 7ರಂದು ಮಂಡಿಸಿದ್ದ. ಫಿಲಡೆಲ್ಫಿಯಾದಲ್ಲಿ ಸೇರಿದ್ದ ಕಾಂಗ್ರೆಸ್, ಅಂದರೆ ವಸಾಹತುಗಳ ಪ್ರತಿನಿಧಿಗಳ ಸಭೆ, ಅದನ್ನು ಜುಲೈ 2ರಂದು ಒಪ್ಪಿತು. ಜುಲೈ 4ರಂದು ಅಂಗೀಕಾರವಾದದ್ದು ಆ ನಿರ್ಧಾರಕ್ಕೆ ಕಾರಣ ಕೊಡುವ ಪಠ್ಯ. ಮುಂದಿನ ಪೀಳಿಗೆಗಳು ಜುಲೈ 2ನ್ನು ಹಬ್ಬವಾಗಿ ಆಚರಿಸುತ್ತವೆ ಎಂದು ಜಾನ್ ಆಡಮ್ಸ್ ತನ್ನ ಹೆಂಡತಿಗೆ ಬರೆದದ್ದು ಈ ಕಾರಣಕ್ಕೇ. ನ್ಯೂಯಾರ್ಕ್ ಪ್ರತಿನಿಧಿಗಳು ಅಂದು ಮತ ಹಾಕಲಿಲ್ಲ, ಅವರ ಒಪ್ಪಿಗೆ ಬಂದದ್ದು ಜುಲೈ 9ರಂದು. ಆದ್ದರಿಂದಲೇ ಮೊದಲ ಮುದ್ರಿತ ಪ್ರತಿಯ ತಲೆಬರಹದಲ್ಲಿ ಸರ್ವಾನುಮತದ ಪ್ರಸ್ತಾಪವಿಲ್ಲ. ಇನ್ನು ಮೈತ್ರಿಯ ಮಾತು ಅಲ್ಲಿ ಏಕಿದೆ ಎಂದು ಕೇಳಿಕೊಳ್ಳಿ. ಇನ್ನೊಬ್ಬ ದೊರೆಯ ವಿರುದ್ಧ ದಂಗೆಯೆದ್ದ ಪ್ರಜೆಗಳೊಡನೆ ಫ್ರಾನ್ಸಿನ ಅರಸ ಬಹಿರಂಗವಾಗಿ ಕರಾರು ಮಾಡಿಕೊಳ್ಳುವಂತಿರಲಿಲ್ಲ, ಸ್ವತಂತ್ರ ರಾಜ್ಯಗಳೊಡನೆ ಮಾಡಿಕೊಳ್ಳಬಹುದಿತ್ತು. ಆ ಒಪ್ಪಂದ 1778ರ ಫೆಬ್ರವರಿಯಲ್ಲಿ ಆಯಿತು. ಘೋಷಣೆಯನ್ನು ಆಲಿಸಬೇಕಿದ್ದವರಲ್ಲಿ ಯೂರೋಪಿನ ಅರಮನೆಗಳೂ ಇದ್ದವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎರಡನೆಯ ಹಂತದಲ್ಲಿ ನಡುವಿನ ದೂರುಗಳಿಗೆ ಬನ್ನಿ. ಅವು 27 ಇವೆ, ಓದುಗರು ಹಾರಿಸಿಬಿಡುವುದೂ ಅವನ್ನೇ. ಹಾಳೆಯೊಂದರಲ್ಲಿ ಅವನ್ನು ಗುಂಪು ಮಾಡಿ ಬರೆದುಕೊಳ್ಳಿ: ಶಾಸನಸಭೆಗಳನ್ನು ವಿಸರ್ಜಿಸಿದ್ದು ಮತ್ತು ಮಸೂದೆಗಳಿಗೆ ಒಪ್ಪಿಗೆ ನಿರಾಕರಿಸಿದ್ದು ಒಂದೆಡೆ, ನ್ಯಾಯಾಧೀಶರ, ಅಧಿಕಾರಿಗಳ, ಸೈನ್ಯದ ಕುರಿತಾದವು ಇನ್ನೊಂದೆಡೆ, ಯುದ್ಧದ ಆರೋಪಗಳು ಮತ್ತೊಂದೆಡೆ. ಹೀಗೆ ವಿಂಗಡಿಸಿದಾಗ, ಶಾಲೆಯ ಪಾಠಗಳಲ್ಲಿ ಇಡೀ ಕ್ರಾಂತಿಯ ಕಾರಣವೆಂದು ಹೇಳಲಾಗುವ ಒಪ್ಪಿಗೆಯಿಲ್ಲದ ತೆರಿಗೆ ಇಲ್ಲಿ ಹಲವು ದೂರುಗಳ ಪೈಕಿ ಒಂದು ಮಾತ್ರ ಎಂದು ಗೊತ್ತಾಗುತ್ತದೆ. ಆರೋಪಗಳೆಲ್ಲ ದೊರೆಯ ಮೇಲೆ ಇರುವುದನ್ನೂ, ಆ ತೆರಿಗೆ ಹಾಕಿದ ಪಾರ್ಲಿಮೆಂಟಿನ ಹೆಸರು ಎಲ್ಲಿಯೂ ಬಾರದಿರುವುದನ್ನೂ ಗಮನಿಸಿ. ಪಾರ್ಲಿಮೆಂಟಿಗೆ ತಮ್ಮ ಮೇಲೆ ಅಧಿಕಾರವೇ ಇರಲಿಲ್ಲ, ತಮ್ಮನ್ನು ಬ್ರಿಟನ್ನಿಗೆ ಕಟ್ಟಿದ್ದ ನಂಟು ದೊರೆಯೊಬ್ಬನೇ ಎಂದು ಅವರು ಆ ಹೊತ್ತಿಗೆ ವಾದಿಸತೊಡಗಿದ್ದರು. ಹಾಗಿದ್ದಮೇಲೆ ಕಡಿಯಬೇಕಾದ ನಂಟೂ ಅದೊಂದೇ.

ಪಟ್ಟಿಯ ಕೊನೆಯ ದೂರಿನಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ದೊರೆ ನಮ್ಮೊಳಗೆ ದಂಗೆಗಳನ್ನು ಎಬ್ಬಿಸಿದ್ದಾನೆ, ಗಡಿಯ ಮೂಲನಿವಾಸಿಗಳನ್ನು ನಮ್ಮ ಮೇಲೆ ಛೂಬಿಟ್ಟಿದ್ದಾನೆ ಎಂಬುದು ಅದರ ತಿರುಳು. ಮೂಲನಿವಾಸಿಗಳನ್ನು ಅದು ಕರುಣೆಯಿಲ್ಲದ ಅನಾಗರಿಕರೆಂದು ಕರೆಯುತ್ತದೆ. ದಂಗೆಯ ಮಾತಿನ ಹಿಂದೆ 1775ರ ನವೆಂಬರಿನ ಒಂದು ಪ್ರಕಟಣೆಯಿದೆ. ಬಂಡಾಯಗಾರರ ಗುಲಾಮರು ಓಡಿಬಂದು ದೊರೆಯ ಸೈನ್ಯ ಸೇರಿದರೆ ಅವರನ್ನು ಬಿಡುಗಡೆ ಮಾಡುವುದಾಗಿ ವರ್ಜೀನಿಯಾದ ಗವರ್ನರ್ ಲಾರ್ಡ್ ಡನ್‌ಮೋರ್ ಸಾರಿದ್ದ. ಮೂಲನಿವಾಸಿಗಳ ಕುರಿತ ಮಾತನ್ನು ಭೂಮಿಯ ಪ್ರಶ್ನೆಯ ಜೊತೆಗಿಟ್ಟು ನೋಡಬೇಕು. ಅಪಲೇಚಿಯನ್ ಬೆಟ್ಟಸಾಲಿನ ಆಚೆಗೆ ವಲಸೆ ಹೋಗಬಾರದೆಂದು ಬ್ರಿಟಿಷ್ ದೊರೆ 1763ರಲ್ಲಿಯೇ ಆಜ್ಞೆ ಹೊರಡಿಸಿದ್ದ, ಹೊಸ ಭೂಮಿಯ ಷರತ್ತುಗಳನ್ನು ಬಿಗಿಗೊಳಿಸಿದನೆಂಬ ದೂರು ಇದೇ ಪಟ್ಟಿಯಲ್ಲಿ ಮೇಲೆ ಬಂದಿರುತ್ತದೆ. ಎಲ್ಲ ಮನುಷ್ಯರೂ ಸಮಾನರೆಂದ ಪಠ್ಯದಲ್ಲಿಯೇ ‘ನಾವು’ ಎಂಬುದರ ಗೆರೆ ಎಲ್ಲಿ ಎಳೆಯಲ್ಪಟ್ಟಿತು ಎಂದು ತಿಳಿಯಲು ಹೊರಗಿನ ಯಾವ ಟೀಕೆಯೂ ಬೇಕಿಲ್ಲ, ಈ ಒಂದು ದೂರು ಸಾಕು.

ಅದಾದ ಮೇಲೆ ಬ್ರಿಟಿಷ್ ಸೋದರರನ್ನು ಕುರಿತ ಪರಿಚ್ಛೇದ ಬರುತ್ತದೆ. ನನ್ನ ಮಟ್ಟಿಗೆ ಇಡೀ ಘೋಷಣೆಯಲ್ಲಿ ರಾಷ್ಟ್ರಭಾವನೆಯ ವಿಷಯಕ್ಕೆ ಅತಿ ಹತ್ತಿರವಾದ ಭಾಗ ಇದೇ. 1774ರ ಮೊದಲ ಕಾಂಗ್ರೆಸ್ ಬೇಡಿದ್ದು ಇಂಗ್ಲೆಂಡಿನಲ್ಲಿ ಹುಟ್ಟಿದ ಪ್ರಜೆಗಳಿಗೆ ಸಲ್ಲುವ ಹಕ್ಕುಗಳನ್ನು. ಎರಡೇ ವರ್ಷಗಳ ನಂತರ ಅದೇ ಜನ, ರಕ್ತಸಂಬಂಧವನ್ನು ನೆನಪಿಸಿದರೂ ಅವರು ಕಿವಿಗೊಡಲಿಲ್ಲ, ಇನ್ನು ಅವರು ಯುದ್ಧದಲ್ಲಿ ಶತ್ರುಗಳು, ಶಾಂತಿಯಲ್ಲಿ ಮಿತ್ರರು ಎನ್ನುತ್ತಾರೆ. ಅಮೆರಿಕನ್ನರಾಗುವ ಮೊದಲು ಅವರು ಇಂಗ್ಲಿಷರಾಗಿರುವುದನ್ನು ಬಿಡಬೇಕಿತ್ತು, ಆ ಕೆಲಸ ಮನಸ್ಸಿಲ್ಲದೆ ನಡೆದದ್ದು ಇಲ್ಲಿ ಕಾಣುತ್ತದೆ.

ಇಷ್ಟಾದ ಮೇಲೆ ಪ್ರಸಿದ್ಧ ವಾಕ್ಯಕ್ಕೆ ಹಿಂದಿರುಗಿ, ಅದರ ಮುಂದಿನ ಸಾಲುಗಳನ್ನೂ ಸೇರಿಸಿ ಓದಿ. ಸರ್ಕಾರಗಳ ಅಧಿಕಾರ ಆಳಿಸಿಕೊಳ್ಳುವವರ ಒಪ್ಪಿಗೆಯಿಂದ ಬರುತ್ತದೆ, ಹಕ್ಕುಗಳನ್ನು ಹಾಳುಮಾಡುವ ಸರ್ಕಾರವನ್ನು ಬದಲಿಸಬಹುದು ಎಂಬ ತೀರ್ಮಾನದತ್ತ ಸಮಾನತೆಯ ಮಾತು ಅಲ್ಲಿ ಸಾಗುತ್ತದೆ. ಬಳಿಕ ಜೆಫರ್ಸನ್‌ನ ಕರಡನ್ನು ಪಕ್ಕದಲ್ಲಿಟ್ಟುಕೊಳ್ಳಿ. ಗುಲಾಮರ ವ್ಯಾಪಾರವನ್ನು ಖಂಡಿಸುವ ಉದ್ದನೆಯ ಭಾಗವೊಂದು ಅದರಲ್ಲಿತ್ತು, ಕಾಂಗ್ರೆಸ್ ಅದನ್ನು ತೆಗೆದುಹಾಕಿತು. ದಕ್ಷಿಣ ಕೆರೊಲಿನಾ ಮತ್ತು ಜಾರ್ಜಿಯಾಗಳ ಆಕ್ಷೇಪವೇ ಕಾರಣ, ಉತ್ತರದ ಕೆಲವರಿಗೂ ಅದು ಹಿಡಿಸಲಿಲ್ಲ ಎಂದು ಜೆಫರ್ಸನ್ ಬರೆದಿಟ್ಟಿದ್ದಾನೆ. ಆದರೆ ಆ ಭಾಗ ವ್ಯಾಪಾರದ ಪಾಪವನ್ನೆಲ್ಲ ದೊರೆಯ ತಲೆಗೆ ಕಟ್ಟಿ, ಅದೇ ಉಸಿರಿನಲ್ಲಿ ಗುಲಾಮರನ್ನು ತಮ್ಮ ಒಡೆಯರ ವಿರುದ್ಧ ಎತ್ತಿಕಟ್ಟಿದನೆಂದೂ ದೂರುತ್ತದೆ. ಅದನ್ನು ಬರಿಯ ಗುಲಾಮಗಿರಿ ವಿರೋಧಿ ಬರಹವೆಂದು ಹೊಗಳುವ ಮುನ್ನ ಕೊನೆಯ ಸಾಲಿನವರೆಗೂ ಓದಿರಬೇಕು.

ಮೂರನೆಯ ಹಂತದಲ್ಲಿ ಹೋಲಿಕೆಗೆ ಎರಡು ಪಠ್ಯಗಳು ಬೇಕು. ಮೊದಲನೆಯದು ಕಾಂಗ್ರೆಸ್ 1777ರಲ್ಲಿ ಒಪ್ಪಿದ, 1781ರಲ್ಲಿ ಜಾರಿಗೆ ಬಂದ ಒಕ್ಕೂಟದ ಒಡಂಬಡಿಕೆ. ಪ್ರತಿ ರಾಜ್ಯವೂ ತನ್ನ ಸಾರ್ವಭೌಮತ್ವವನ್ನು ಉಳಿಸಿಕೊಳ್ಳುತ್ತದೆಂದು ಅದರ ಎರಡನೆಯ ವಿಧಿಯೇ ಹೇಳುತ್ತದೆ. ದೊಡ್ಡದಿರಲಿ ಚಿಕ್ಕದಿರಲಿ ರಾಜ್ಯಕ್ಕೆ ಒಂದೇ ಮತ, ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರವಿಲ್ಲ. ಎರಡನೆಯದು 1787ರ ಸಂವಿಧಾನ. ಅದರ ಪೀಠಿಕೆಯ ಹಿಂದಿನ ಕರಡು ರಾಜ್ಯಗಳ ಹೆಸರನ್ನು ಒಂದೊಂದಾಗಿ ಎಣಿಸಿ ಅವುಗಳ ಜನರ ಪರವಾಗಿ ಮಾತನಾಡುತ್ತಿತ್ತು. ಅಂತಿಮ ರೂಪ ಸಂಯುಕ್ತ ಸಂಸ್ಥಾನಗಳ ಜನರಾದ ನಾವು ಎಂದು ತೊಡಗುತ್ತದೆ. ಒಂಬತ್ತು ರಾಜ್ಯಗಳು ಒಪ್ಪಿದರೆ ಸಾಕೆಂಬ ನಿಯಮವಿದ್ದುದರಿಂದ ಯಾವ ರಾಜ್ಯಗಳು ಒಳಗೆ ಬರುತ್ತವೆಂದು ಮೊದಲೇ ತಿಳಿಯುವಂತಿರಲಿಲ್ಲ. ರೋಡ್ ಐಲೆಂಡ್ ರಾಜ್ಯ ಸಂವಿಧಾನ ರಚಿಸಿದ ಸಭೆಗೆ ಪ್ರತಿನಿಧಿಗಳನ್ನೇ ಕಳಿಸಿರಲಿಲ್ಲ, 1790ರ ಮೇ ತಿಂಗಳವರೆಗೆ ಒಪ್ಪಿಗೆಯನ್ನೂ ಕೊಡಲಿಲ್ಲ. ರಾಜ್ಯಗಳು ಎನ್ನಬೇಕಾದಲ್ಲಿ ಜನರು ಎನ್ನಲು ಇವರಿಗೆ ಹಕ್ಕು ಕೊಟ್ಟವರು ಯಾರು ಎಂದು 1788ರ ಜೂನ್‌ನಲ್ಲಿ ಸಂವಿಧಾನವನ್ನು ಒಪ್ಪಬೇಕೇ ಎಂದು ಚರ್ಚಿಸಲು ಸೇರಿದ್ದ ವರ್ಜೀನಿಯಾದ ಸಭೆಯಲ್ಲಿ ಪ್ಯಾಟ್ರಿಕ್ ಹೆನ್ರಿ ಎದ್ದು ಕೇಳಿದ. ಆ ಪ್ರಶ್ನೆಯನ್ನು ಹಟವೆಂದು ಬದಿಗಿಡಬಾರದು.

ಇದೇ ವಾದದ ನಡುವೆ, ಸಂವಿಧಾನದ ಪರವಾಗಿ ಜಾನ್ ಜೇ 1787ರಲ್ಲಿ ಒಂದು ಲೇಖನ ಬರೆದ. ಒಂದೇ ಪೂರ್ವಜರಿಂದ ಇಳಿದುಬಂದ, ಒಂದೇ ಭಾಷೆಯ, ಒಂದೇ ಧರ್ಮದ ಒಗ್ಗಟ್ಟಿನ ಜನಕ್ಕೆ ದೈವ ಈ ನಾಡನ್ನು ಕೊಟ್ಟಿದೆ ಎಂಬುದು ಅವನ ಮಾತು. ಇಂಥ ಹೇಳಿಕೆಯನ್ನು ಕಂಡೊಡನೆ ಅಂಕಿಅಂಶಗಳ ಜೊತೆಗಿಟ್ಟು ನೋಡಿ. 1790ರ ಮೊದಲ ಜನಗಣತಿಯಲ್ಲಿ ಎಣಿಕೆಗೆ ಸಿಕ್ಕ ಸುಮಾರು 39 ಲಕ್ಷ ಜನರಲ್ಲಿ 7 ಲಕ್ಷದಷ್ಟು ಮಂದಿ ಗುಲಾಮರು. ಪೆನ್ಸಿಲ್ವೇನಿಯಾದಲ್ಲಿ ಜರ್ಮನ್ ಮಾತನಾಡುವವರ ಊರೂರುಗಳೇ ಇದ್ದವು. ಜೇಯ ತಂದೆಯ ಕಡೆಯವರು ಫ್ರೆಂಚರು, ತಾಯಿಯ ಕಡೆಯವರು ಡಚ್ಚರು. ಒಗ್ಗಟ್ಟನ್ನು ಅವನು ವರ್ಣಿಸುತ್ತಿರಲಿಲ್ಲ, ಬೇಡುತ್ತಿದ್ದ.

ಒಗ್ಗಟ್ಟಿಗಿಂತ ಸಮಾನ ಶತ್ರುವೇ ಹೆಚ್ಚು ಕೆಲಸ ಮಾಡಿದ ಸಂದರ್ಭಗಳೂ ಇವೆ. ಡೆಲವೇರ್ ಕೊಲ್ಲಿಯ ಹಡಗುಗಳ ರಕ್ಷಣೆಗೆಂದು ಪೆನ್ಸಿಲ್ವೇನಿಯಾ 1782ರಲ್ಲಿ ಸಜ್ಜುಗೊಳಿಸಿದ ಯುದ್ಧನೌಕೆಯೊಂದಕ್ಕೆ ಮೈಸೂರಿನ ಹೈದರ್ ಅಲಿಯ ಹೆಸರಿತ್ತು. ಜೋಶುವಾ ಬಾರ್ನಿಯ ನಾಯಕತ್ವದಲ್ಲಿ ಅದು ಆ ವರ್ಷದ ಏಪ್ರಿಲ್‌ನಲ್ಲಿ ತನಗಿಂತ ಬಲವಾದ ಬ್ರಿಟಿಷ್ ನೌಕೆಯನ್ನು ಸೆರೆಹಿಡಿಯಿತು. ಆಗ ಹೈದರ್ ಇಲ್ಲಿ ಕಂಪನಿಯೊಡನೆ ಎರಡನೆಯ ಮೈಸೂರು ಯುದ್ಧದಲ್ಲಿ ತೊಡಗಿದ್ದ.

ನಾಲ್ಕನೆಯ ಹಂತ, ಘೋಷಣೆಯ ಮಾತನ್ನು ಹೊರಗುಳಿದವರು ಹೇಗೆ ಕೈಗೆತ್ತಿಕೊಂಡರೆಂದು ನೋಡುವುದು. ಇಲ್ಲಿ ಒಂದು ಎಚ್ಚರ ಬೇಕು: ಸಂವಿಧಾನ ಕಾನೂನು, ಘೋಷಣೆ ಹಾಗಲ್ಲ, ಆದ್ದರಿಂದ ಪ್ರತಿ ಸಂದರ್ಭದಲ್ಲಿಯೂ ಯಾವ ಪಠ್ಯವನ್ನು ಆಧಾರವಾಗಿ ಹಿಡಿದರೆಂದು ಗುರುತಿಸಿಕೊಳ್ಳಿ. 1777ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್‌ನ ಕಪ್ಪು ಜನರ ಗುಂಪೊಂದು ಕಸಿಯಲಾಗದ ಸಹಜ ಹಕ್ಕಿನ ಹೆಸರಿನಲ್ಲಿ ಬಿಡುಗಡೆ ಕೋರಿ ಶಾಸನಸಭೆಗೆ ಮನವಿ ಸಲ್ಲಿಸಿತು. 1781ರಲ್ಲಿ ಅದೇ ರಾಜ್ಯದ ಎಲಿಜಬೆತ್ ಫ್ರೀಮನ್ ಎಂಬ ಗುಲಾಮ ಹೆಂಗಸು ನ್ಯಾಯಾಲಯದಲ್ಲಿ ಗೆದ್ದು ಸ್ವತಂತ್ರಳಾದಳು. ಅವಳ ಮೊಕದ್ದಮೆಗೆ ಬಲ ಕೊಟ್ಟದ್ದು ಘೋಷಣೆಯಲ್ಲ, ಎಲ್ಲರೂ ಸ್ವತಂತ್ರರೂ ಸಮಾನರೂ ಆಗಿ ಹುಟ್ಟಿದ್ದಾರೆಂದ 1780ರ ರಾಜ್ಯ ಸಂವಿಧಾನ. 1848ರಲ್ಲಿ ನ್ಯೂಯಾರ್ಕ್ ರಾಜ್ಯದ ಸೆನೆಕಾ ಫಾಲ್ಸ್‌ನಲ್ಲಿ ಸೇರಿದ ಮಹಿಳೆಯರು ಘೋಷಣೆಯ ಎರಕದಲ್ಲಿಯೇ ತಮ್ಮ ದೂರುಪಟ್ಟಿಯನ್ನು ಹೊಯ್ದು, ದೊರೆಯ ಜಾಗದಲ್ಲಿ ಪುರುಷನನ್ನು ನಿಲ್ಲಿಸಿದರು. 1863ರಲ್ಲಿ ಗೆಟಿಸ್‌ಬರ್ಗ್‌ನಲ್ಲಿ ಲಿಂಕನ್ 87 ವರ್ಷಗಳ ಹಿಂದೆ ಹುಟ್ಟಿದ ರಾಷ್ಟ್ರವೆಂದ. ಕಳೆದು ನೋಡಿದರೆ ಬರುವುದು 1776, ಗುಲಾಮಗಿರಿಗೆ ಅವಕಾಶ ಕೊಟ್ಟ ಸಂವಿಧಾನದ 1787 ಅಲ್ಲ. ಘೋಷಣೆಯನ್ನು ರಾಷ್ಟ್ರದ ಜನ್ಮಪತ್ರವಾಗಿ ಓದುವ ರೂಢಿಗೆ ಅದನ್ನು ಬರೆದವರಿಗಿಂತ ಇವರ ಕೊಡುಗೆ ದೊಡ್ಡದೆಂದು ನನ್ನ ಅಭಿಪ್ರಾಯ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಇನ್ನೊಂದು ಜೋಡಿಯನ್ನು ಬಿಡಬಾರದು. 1790ರ ಪೌರತ್ವ ಕಾನೂನು ಎರಡು ವರ್ಷ ವಾಸವಾಗಿರುವ, ಸ್ವತಂತ್ರನಾದ ಬಿಳಿಯ ವ್ಯಕ್ತಿಗೆ ಮಾತ್ರ ನಾಗರಿಕನಾಗಲು ಅವಕಾಶ ಕೊಟ್ಟಿತು. ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಪೌರತ್ವ ಬಯಸಿದಾಗ, 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಬಿಳಿಯರ ಕುರಿತ ಆ ಮಾತನ್ನು ಕಾನೂನು ರಚಿಸಿದವರು ಯಾವ ಅರ್ಥದಲ್ಲಿ ಬಳಸಿದ್ದರೆಂದು ವಿಚಾರಿಸಿ, ಭಾರತೀಯರು ಅದರೊಳಗೆ ಬರುವುದಿಲ್ಲವೆಂದು ತೀರ್ಪಿತ್ತಿತು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರ ಕಾನೂನಿನಿಂದ. ತೀರ್ಪು ಉದ್ದವಾದದ್ದೇನಲ್ಲ, 1790ರ ಕಾನೂನಿನ ಜೊತೆಗೆ ಅದನ್ನು ಒಂದೇ ಕೂರಿಕೆಯಲ್ಲಿ ಓದಬಹುದು.