ತಣ್ಣೀರಿನಲ್ಲಿ ಇಳಿಸುವ ಕಾಫಿ: ನನ್ನ ಅನುಭವ

ಬೇಸಿಗೆಯ ತಿಂಗಳುಗಳಲ್ಲಿ ನಮ್ಮ ಮನೆಯ ಫ್ರಿಜ್‌ನಲ್ಲಿ ಕೋಲ್ಡ್ ಬ್ರೂ ಕಾಫಿಯ ಬಾಟಲಿಯೊಂದು ಸದಾ ಇರುತ್ತದೆ. ಇದಕ್ಕೆ ಯಂತ್ರವೇನೂ ಬೇಕಿಲ್ಲ. ಮುಚ್ಚಳವಿರುವ ಗಾಜಿನ ಜಾಡಿ ಮತ್ತು ತೆಳುವಾದ ಹತ್ತಿ ಬಟ್ಟೆ ಇದ್ದರೆ ಸಾಕು. ಆದರೆ ಪುಡಿಯ ಆಯ್ಕೆಯಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬಾರದು.

ದಿನವೂ ಫಿಲ್ಟರಿಗೆ ಹಾಕುವ ಪುಡಿ ಇದಕ್ಕೆ ಒಗ್ಗುವುದಿಲ್ಲ. ಅದರಲ್ಲಿ ಸಾಮಾನ್ಯವಾಗಿ ಬೆರೆತಿರುವ ಚಿಕೋರಿ ತಣ್ಣೀರಿನಲ್ಲೂ ಬೇಗನೆ ಬಣ್ಣ ಮತ್ತು ಕಹಿಯನ್ನು ಬಿಡುವುದರಿಂದ, ನಿಧಾನವಾಗಿ ಇಳಿಯಬೇಕಾದ ಕಾಫಿಯ ರುಚಿ ಅದರಡಿ ಮುಚ್ಚಿಹೋಗುತ್ತದೆ. ಜೊತೆಗೆ, ನುಣ್ಣನೆಯ ಪುಡಿ ಬಟ್ಟೆಯ ರಂಧ್ರಗಳನ್ನು ಕಟ್ಟಿಬಿಡುತ್ತದೆ. ತಪ್ಪಿಸಿಕೊಂಡ ಗಷ್ಟು ಬಾಟಲಿಯ ತಳದಲ್ಲಿ ಕುಳಿತು, ದಿನ ಕಳೆದಂತೆ ಕಾಫಿಗೆ ಒಗರು ತರುತ್ತದೆ. ಆದ್ದರಿಂದ ನಾನು ಕಾಫಿಪುಡಿ ಅಂಗಡಿಯಲ್ಲಿ ಪ್ಲಾಂಟೇಷನ್ ಎ ಅಥವಾ ಪೀಬರಿ ಎಂದು ಮಾರುವ ಚಿಕ್ಕಮಗಳೂರಿನ ಅರೇಬಿಕಾ ಬೀಜವನ್ನು ಹದವಾಗಿ ಹುರಿದದ್ದನ್ನೇ ಆರಿಸಿ, ಚಿಕೋರಿ ಸೇರಿಸದೆ, ಇಡ್ಲಿ ರವೆಗಿಂತ ತುಸು ದಪ್ಪ ತರಿಯಾಗಿ ಬೀಸಿಸಿಕೊಂಡು ತರುತ್ತೇನೆ. ಹಾಲು ಬೆರೆಸಿ ಕುಡಿಯುವವರು ಕಾಲು ಭಾಗ ರೊಬಸ್ಟಾ ಸೇರಿಸಿಕೊಂಡರೆ ಕಾಫಿ ಗಟ್ಟಿಯಾಗುತ್ತದೆ, ಕೆಫೀನ್ ಕೂಡ ಹೆಚ್ಚುತ್ತದೆ.

ಅಳತೆ 100 ಗ್ರಾಂ ಪುಡಿಗೆ 800 ಮಿಲಿಲೀಟರ್ ಕುಡಿಯುವ ನೀರು. ಒಮ್ಮೆಲೇ ಸುರಿದರೆ ಒಣಪುಡಿ ಮೇಲೆ ತೇಲಿ ಗಟ್ಟಿ ಪದರವಾಗಿ ನಿಲ್ಲುತ್ತದೆ. ಅದಕ್ಕಾಗಿ ಮೊದಲು ಪುಡಿ ನೆನೆಯುವಷ್ಟೇ ನೀರು ಹಾಕಿ, ಮರದ ಸೌಟಿನಿಂದ ತಿರುವಿ, ಎಲ್ಲವೂ ಒದ್ದೆಯಾದ ಮೇಲೆ ಉಳಿದ ನೀರನ್ನು ಸೇರಿಸುತ್ತೇನೆ. ನಮ್ಮ ಬೇಸಿಗೆಯಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟರೆ 12 ಗಂಟೆಯೊಳಗೇ ಕಾಫಿ ಇಳಿಯುತ್ತದೆ, ಆದರೆ ಸೆಕೆಗೆ ಅದು ಕೆಡುವ ಭಯವೂ ಇರುತ್ತದೆ. ಫ್ರಿಜ್‌ನಲ್ಲಿ 16ರಿಂದ 18 ಗಂಟೆ ಇಡುವುದೇ ನನಗೆ ಒಪ್ಪಿಗೆಯಾದ ಕ್ರಮ.

ಸೋಸುವಾಗ ಅವಸರ ಸಲ್ಲದು. ಮೊದಲು ಸ್ಟೀಲಿನ ಜಾಲರಿಯಲ್ಲಿ ಚರಟವನ್ನು ಬೇರ್ಪಡಿಸಿ, ಬಳಿಕ ತೊಳೆದು ಹಿಂಡಿದ ಬಟ್ಟೆಯನ್ನು ಎರಡು ಪದರ ಮಡಿಸಿ, ಪಾತ್ರೆಯ ಬಾಯಿಗೆ ಕಟ್ಟಿ, ಕಾಫಿಯನ್ನು ಸ್ವಲ್ಪಸ್ವಲ್ಪವೇ ಬಿಡುತ್ತೇನೆ. ಕೊನೆಗೆ ತೊಟ್ಟಿಕ್ಕುವುದು ನಿಧಾನವಾದಾಗ ಬಟ್ಟೆಯನ್ನು ಹಿಂಡುವ ಮನಸ್ಸಾಗುತ್ತದೆ. ಹಿಂಡಿದರೆ ಸಣ್ಣ ಪುಡಿಯೆಲ್ಲ ಹೊರಬಂದು, ಅಷ್ಟು ಹೊತ್ತು ಕಾದು ಪಡೆದ ತಿಳಿ ಕದಡುತ್ತದೆ. ಚರಟ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಕೈಗೆ ಸಿಗುವುದು 600 ಮಿಲಿಲೀಟರ್ ಮಾತ್ರ. ಬೆಳಕಿಗೆ ಹಿಡಿದರೆ ಅದು ಕೆಂಪು ಛಾಯೆಯ ಕಂದು ಬಣ್ಣದಲ್ಲಿ, ತಿಳಿಯಾಗಿ ಕಾಣಬೇಕು.

ಬಿಸಿ ಡಿಕಾಕ್ಷನ್ನಿನ ಘಮ ಇದರಲ್ಲಿ ಸಿಗುವುದಿಲ್ಲ; ಆ ಘಮವನ್ನು ಎಬ್ಬಿಸಲು ಶಾಖವೇ ಬೇಕು. ಅದರ ಬದಲಿಗೆ ಕಹಿಯೂ ಹುಳಿಯೂ ತಗ್ಗಿ, ಬೀಜದ ಸಹಜವಾದ ಸಿಹಿ ನಾಲಿಗೆಗೆ ತಿಳಿಯುತ್ತದೆ. ನಾನು ಇದಕ್ಕೆ ಸಮಪ್ರಮಾಣದಲ್ಲಿ ತಣ್ಣೀರನ್ನೋ, ಕಾಯಿಸಿ ಪೂರ್ತಿ ಆರಿಸಿದ ಹಾಲನ್ನೋ ಬೆರೆಸುತ್ತೇನೆ. ಸಕ್ಕರೆ ತಣ್ಣಗಿನ ಕಾಫಿಯಲ್ಲಿ ಸುಲಭವಾಗಿ ಕರಗದು. ಬೆಲ್ಲವನ್ನು ನೀರಿನಲ್ಲಿ ಕರಗಿಸಿ, ಸೋಸಿ, ತೆಳು ಪಾಕ ಮಾಡಿಟ್ಟುಕೊಂಡರೆ ಲೋಟಕ್ಕೆ ಎರಡು ಚಮಚ ಸಾಕಾಗುತ್ತದೆ. ಹಾಲು ಬೆರೆಸದ ಕಾಫಿ ಫ್ರಿಜ್‌ನಲ್ಲಿ ಒಂದು ವಾರ ಚೆನ್ನಾಗಿರುತ್ತದೆ; ಹಾಲು ಬೆರೆಸಿದ್ದನ್ನು ಅಂದೇ ಕುಡಿದು ಮುಗಿಸಬೇಕು.