ಬಟವಾಡೆ ಪುಸ್ತಕ ಪಕ್ಕದಲ್ಲಿಟ್ಕೊಂಡು ಡೇಟಾಬೇಸ್ ಕಲಿತಿದ್ದು

ನಾನು ಮೂಡಿಗೆರೆ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಹಾಜರಿ ಹಾಕೋದು, ಅಡ್ವಾನ್ಸ್ ಬರ್ಕೊಳ್ಳೋದು, ವಾರಕ್ಕೊಂದ್ಸಲ ಸಂತೆ ಹಿಂದಿನ ದಿನ ಬಟವಾಡೆ ಮಾಡೋದು ನನ್ನ ಕೆಲಸ. ಓದಿದ್ದು ಬಿಕಾಂ. ಕಂಪ್ಯೂಟರ್ ಕೋರ್ಸ್ ಅಂತ ಯಾವುದೂ ಮಾಡಿಲ್ಲ, ಆದ್ರೆ ಈಗ ನಮ್ಮ ತೋಟದ ಕೂಲಿ ಲೆಕ್ಕ ಪೂರ್ತಿ ಡೇಟಾಬೇಸ್ ಸಾಫ್ಟ್‌ವೇರ್ ಆದ ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನಲ್ಲಿ ನಡೀತಿದೆ, ಅದನ್ನ ಕಟ್ಟಿದ್ದು ನಾನೇ. ನನ್ನ ಥರ ಲೆಕ್ಕ ಬರೆಯೋ ಕೆಲಸದಲ್ಲಿರೋರು ಯಾರಾದ್ರೂ ಕಲೀಬೇಕು ಅಂತಿದ್ರೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಮೊದಲು ಎಕ್ಸೆಲ್ ಥರದ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ವಾರಕ್ಕೊಂದು ಶೀಟ್ ಮಾಡ್ತಿದ್ದೆ. ಒಬ್ಬರ ಅಡ್ವಾನ್ಸ್ ಬಾಕಿ ಎಷ್ಟಿದೆ ಅಂತ ಕೇಳಿದ್ರೆ ಇಪ್ಪತ್ತು ಶೀಟ್ ಹುಡುಕ್ಬೇಕಿತ್ತು. ಅದೇ ಲಿಬ್ರೆಆಫೀಸ್‌ನಲ್ಲಿ ಬೇಸ್ ಅಂತ ಡೇಟಾಬೇಸ್ ಮಾಡೋ ಇನ್ನೊಂದು ಇದೆ, ಮೌಸಲ್ಲೇ ಟೇಬಲ್ ಮಾಡಿ ಫಾರಂ ಮಾಡಬಹುದು, ಅದರಲ್ಲಿ ಆಳುಗಳದ್ದೊಂದು ಟೇಬಲ್, ಹಾಜರಿದೊಂದು ಟೇಬಲ್ ಮಾಡ್ಕೊಂಡು ಖುಷಿಯಾಗಿದ್ದೆ. ಜೂನ್ ಮಳೇಲಿ ಒಂದು ಸಂಜೆ ಇಡೀ ದಿನದ ಹಾಜರಿ ಹಾಕ್ತಾ ಕೂತಿದ್ದಾಗ ಕರೆಂಟು ಹೋಯ್ತು, ಮತ್ತೆ ಬಂದಾಗ ನೋಡಿದ್ರೆ ಅವತ್ತಿನ ಒಂದು ಸಾಲೂ ಇಲ್ಲ. ಬೇಸ್‌ನ ಒಳಗೇ ಬರೋ ಸಣ್ಣ ಡೇಟಾಬೇಸ್ ಹೆಚ್ಎಸ್‌ಕ್ಯೂಎಲ್‌ಡಿಬಿ ಇದ್ಯಲ್ಲ, ಅದರಲ್ಲಿ ನಾವು ಹಾಕಿದ್ದು ಮೊದಲು ತಾತ್ಕಾಲಿಕ ಜಾಗದಲ್ಲಿರುತ್ತೆ, ಬೇಸ್‌ನ ಓಡಿಬಿ ಫೈಲನ್ನೇ ಸೇವ್ ಮಾಡಿದಾಗ ಮಾತ್ರ ಒಳಗೆ ಹೋಗೋದು. ಫಾರಂನಲ್ಲಿ ಸಾಲು ಸೇವ್ ಆದ್ರೆ ಸಾಕು ಅಂತ ನಾನು ನಂಬಿದ್ದೆ.

ಹೋದ ಡೇಟಾ ಎಲ್ಲಾದ್ರೂ ಸಿಗುತ್ತಾ ಅಂತ ಹುಡುಕುವಾಗ ಗೊತ್ತಾಗಿದ್ದು, ಓಡಿಬಿ ಫೈಲ್ ಅಂದ್ರೆ ಒಂದು ಜಿಪ್ ಫೈಲೇ. ಒಂದು ಕಾಪಿ ಮಾಡಿ ಹೆಸರು ಬದಲಾಯಿಸಿ ಬಿಚ್ಚಿದೆ. ಒಳಗೆ ಡೇಟಾಬೇಸ್ ಅನ್ನೋ ಫೋಲ್ಡರು, ಅದರಲ್ಲಿ ಸ್ಕ್ರಿಪ್ಟ್ ಅನ್ನೋ ಫೈಲು, ಅದನ್ನ ತೆಗೆದ್ರೆ ನಾನು ಮೌಸಲ್ಲಿ ಎಳೆದು ಮಾಡಿದ ಟೇಬಲ್‌ಗಳೆಲ್ಲ ಕ್ರಿಯೇಟ್ ಟೇಬಲ್ ಅಂತ ವಾಕ್ಯಗಳಾಗಿ ಬರೆದಿತ್ತು. ಹಾಜರಿ ಸಿಗ್ಲಿಲ್ಲ. ಎಸ್‌ಕ್ಯೂಎಲ್ (ಡೇಟಾಬೇಸ್ ಜೊತೆ ಮಾತಾಡೋ ಭಾಷೆ) ಅನ್ನೋದನ್ನ ನಾನು ಕಣ್ಣಾರೆ ನೋಡಿದ್ದು ಮಾತ್ರ ಅವತ್ತೇ ಮೊದಲು, ಓದಿದ್ರೆ ಅರ್ಥ ಆಗೋ ಥರಾನೇ ಇತ್ತು.

ಆಮೇಲೆ ಹಳೇ ಡೆಸ್ಕ್‌ಟಾಪ್‌ಗೆ ಉಬುಂಟು ಅನ್ನೋ ಲಿನಕ್ಸ್ ಹಾಕಿ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಇನ್‌ಸ್ಟಾಲ್ ಮಾಡಿದೆ. 1986ರಲ್ಲಿ ಬರ್ಕ್‌ಲಿ ಯೂನಿವರ್ಸಿಟಿಯಲ್ಲಿ ಶುರುವಾದ ಪ್ರಾಜೆಕ್ಟ್ ಇದು, ಈಗಿನ ಹೆಸರು ಬಂದಿದ್ದು 1996ರಲ್ಲಿ, ಲೈಸೆನ್ಸ್‌ಗೆ ನಯಾಪೈಸೆ ಕೊಡ್ಬೇಕಿಲ್ಲ. ಫಾರಂಗೆ ಬೇಸನ್ನೇ ಉಳಿಸ್ಕೊಂಡೆ, ಅದು ನೇರವಾಗಿ ಪೋಸ್ಟ್‌ಗ್ರೆಸ್‌ಗೆ ಕನೆಕ್ಟ್ ಆಗುತ್ತೆ. ಲೆಕ್ಕ ಹಾಕೋಕೆ ಮುಂಚೆ ಮಾಡಿದ ಮೊದಲ ಕೆಲಸ, ಸುಮ್ನೆ ಹತ್ತು ಸಾಲು ಹಾಕಿ ಪ್ಲಗ್ ಕಿತ್ತಿದ್ದು. ಮೂರು ಸಲ ಕಿತ್ತೆ. ಕಮಿಟ್ ಆಗಿದ್ದ, ಅಂದ್ರೆ ಉಳಿಸಿ ಆಯ್ತು ಅಂತ ಡೇಟಾಬೇಸ್ ಒಪ್ಕೊಂಡಿದ್ದ ಸಾಲು ಮೂರು ಸಲವೂ ಇತ್ತು. ಅದು ಬದಲಾವಣೆಯನ್ನ ಮೊದಲು ಡಿಸ್ಕ್‌ನಲ್ಲಿರೋ ಲಾಗ್‌ಗೆ ಬರೆದು ಆಮೇಲೆ ಆಯ್ತು ಅನ್ನುತ್ತೆ ಅಂತ ನಂತರ ಓದಿದೆ, ಆದ್ರೆ ಧೈರ್ಯ ಬಂದಿದ್ದು ಪ್ಲಗ್ ಕಿತ್ತು ನೋಡಿದ್ದಕ್ಕೆ.

ಕಲಿಯೋಕೆ ಅಂತಾನೇ ಇನ್ನೊಂದು ಡೇಟಾಬೇಸ್ ಇಟ್ಕೊಂಡಿದೀನಿ, ಅದಕ್ಕೆ ಆಟ ಅಂತ ಹೆಸರು. ಕ್ರಿಯೇಟ್‌ಡಿಬಿ ಕಮಾಂಡಲ್ಲಿ ಟೆಂಪ್ಲೇಟ್ ಅಂತ ಅಸಲಿ ಡೇಟಾಬೇಸ್ ಹೆಸರು ಕೊಟ್ರೆ ಅದರ ಪೂರ್ತಿ ಕಾಪಿ ಆಗುತ್ತೆ, ಬೇಸ್ ತೆರೆದಿದ್ರೆ ಮಾತ್ರ ಬೇರೆಯವರು ಬಳಸ್ತಿದ್ದಾರೆ ಅಂತ ಎರರ್ ಬರುತ್ತೆ, ಮೊದಲು ಅದನ್ನ ಮುಚ್ಬೇಕು. ಆಟದಲ್ಲಿ ಬಿಗಿನ್ (ಇಲ್ಲಿಂದ ಮಾಡೋದನ್ನ ಬೇಕಾದ್ರೆ ರದ್ದು ಮಾಡಬಹುದು) ಅಂತ ಹೊಡೆದು ಹಾಜರಿ ಟೇಬಲ್ಲನ್ನೇ ಡ್ರಾಪ್ ಮಾಡಿ, ಅಂದ್ರೆ ಅಳಿಸಿ, ಅದನ್ನ ರದ್ದು ಮಾಡೋ ರೋಲ್‌ಬ್ಯಾಕ್ ಕೊಟ್ಟೆ, ಟೇಬಲ್ ಸಾಲು ಸಮೇತ ವಾಪಸ್ ಬಂತು. ಮಾರಿಯಾಡಿಬಿ ಅನ್ನೋ ಇನ್ನೊಂದು ಡೇಟಾಬೇಸ್‌ನಲ್ಲಿ ಹೀಗಾಗಲ್ಲ, ಅಲ್ಲಿ ಡ್ರಾಪ್ ಅಂದ್ರೆ ಹೋಯ್ತು. ಅಲ್ಲಿಂದ ಮುಂದೆ ಅಪ್‌ಡೇಟ್ ಏನೇ ಇರ್ಲಿ, ಬಿಗಿನ್ ಹೊಡೀದೇ ಕೈ ಹಾಕಲ್ಲ.

ಇನ್ನು ದೊಡ್ಡ ಪೆಟ್ಟು ತಿಂದಿದ್ದನ್ನ ಹೇಳ್ತೀನಿ. ಬಟವಾಡೆ ಪಟ್ಟಿ ತೆಗೆಯೋಕೆ ಒಂದೇ ಕ್ವೆರಿ (ಡೇಟಾಬೇಸಿಗೆ ಕೇಳೋ ಪ್ರಶ್ನೆ) ಬರೆದಿದ್ದೆ: ಆಳು ಟೇಬಲ್‌ಗೆ ಹಾಜರಿ ಜಾಯಿನ್ (ಹೊಂದೋ ಸಾಲುಗಳನ್ನ ಜೋಡಿಸೋದು), ಅದಕ್ಕೇ ಅಡ್ವಾನ್ಸ್ ಜಾಯಿನ್, ಕೂಲಿ ಕೂಡಿಸಿ ಅಡ್ವಾನ್ಸ್ ಕಳೆಯೋದು. ಟೆಸ್ಟ್ ಮಾಡಿದ್ದು ಒಂದು ದಿನದ ಹಾಜರಿ, ಒಂದು ಅಡ್ವಾನ್ಸ್ ಹಾಕಿ. ಸರಿ ಬಂತು. ಬಟವಾಡೆ ದಿನ ಮೊದಲು ಕರೆದ ಅಕ್ಕನಿಗೆ 600 ರೂಪಾಯಿ ಅಂತ ಪಟ್ಟೀಲಿ ಬಂದಿತ್ತು. ಅವರು ದುಡ್ಡು ಮುಟ್ಲಿಲ್ಲ. "ಇದ್ಯಾವ ಲೆಕ್ಕ ರೈಟ್ರೇ, ಆರು ದಿನ ಬಂದಿದೀನಿ, ಐನೂರೊಂದ್ಸಲ ಮುನ್ನೂರೊಂದ್ಸಲ ಇಸ್ಕೊಂಡಿದೀನಿ, ನಂಗೆ ಸಾವಿರದೊಂಬೈನೂರು ಬರ್ಬೇಕು" ಅಂತ ಬೆರಳು ಮಡಿಸಿ ಹೇಳಿದ್ರು. ದಿನಕ್ಕೆ 450ರಂತೆ ಆರು ದಿನಕ್ಕೆ 2700, ಅದರಲ್ಲಿ 800 ಕಳೆದ್ರೆ 1900. ಅವರು ಹೇಳಿದ್ದೇ ಸರಿ. "ತಪ್ಪು ನಂದೇ ಅಕ್ಕ, ಸ್ವಲ್ಪ ತಡೀರಿ" ಅಂತ ಅವತ್ತು ಎಲ್ಲರದ್ದೂ ಪುಸ್ತಕ ನೋಡಿ ಕೈಯಲ್ಲೇ ಲೆಕ್ಕ ಮಾಡಿ ಕೊಟ್ಟೆ, ಮುಗಿಯೋ ಹೊತ್ತಿಗೆ ಕತ್ತಲಾಗಿತ್ತು, ಲೈನ್ ಮನೆಯೋರೆಲ್ಲ ಕಣದಲ್ಲೇ ಕಾಯ್ತಾ ಕೂತಿದ್ರು.

ರಾತ್ರಿ ಆ ಅಕ್ಕನ ಸಾಲುಗಳನ್ನ ಕೂಡಿಸದೆ ಹಾಗೇ ತೆಗೆದು ನೋಡಿದೆ. 12 ಸಾಲು! ಆರು ಹಾಜರಿಗೆ ಎರಡೆರಡು ಅಡ್ವಾನ್ಸ್ ಅಂಟ್ಕೊಂಡಿದೆ. ಹಾಗಾಗಿ ಕೂಲಿ ಎರಡು ಪಟ್ಟಾಗಿ 5400, ಅಡ್ವಾನ್ಸ್ ಆರು ಪಟ್ಟಾಗಿ 4800, ಉಳಿದಿದ್ದು 600. ಒಂದು ಹಾಜರಿ ಒಂದು ಅಡ್ವಾನ್ಸ್ ಇದ್ದಾಗ ಒಂದೇ ಸಾಲು ಬರೋದ್ರಿಂದ ನನ್ನ ಟೆಸ್ಟಲ್ಲಿ ಇದು ಕಾಣಿಸೋಕೆ ಸಾಧ್ಯಾನೇ ಇರ್ಲಿಲ್ಲ. ಹಾಜರಿಯನ್ನ ಬೇರೆ ಗ್ರೂಪ್ ಬೈ ಮಾಡಿ ಆಳಿಗೊಂದು ಸಾಲು, ಅಡ್ವಾನ್ಸನ್ನ ಬೇರೆ ಮಾಡಿ ಆಳಿಗೊಂದು ಸಾಲು, ಆಮೇಲೆ ಎರಡನ್ನೂ ಸೇರಿಸಿದ್ರೆ 1900 ಬಂತು. ಆದ್ರೆ ಅಡ್ವಾನ್ಸೇ ತಗೊಳ್ಳದೋರು ಪಟ್ಟಿಯಿಂದಾನೇ ಮಾಯ. ಜೋಡಿ ಸಿಗದಿದ್ರೂ ಮೊದಲ ಕಡೆಯ ಸಾಲು ಉಳಿಸೋ ಲೆಫ್ಟ್ ಜಾಯಿನ್ ಹಾಕಿದೆ, ಹೆಸರು ಬಂತು, ಮೊತ್ತ ಖಾಲಿ, ಯಾಕಂದ್ರೆ ಅಡ್ವಾನ್ಸ್ ಇಲ್ಲದ ಕಡೆ ನಲ್, ಅಂದ್ರೆ ಏನೂ ಇಲ್ಲ ಅನ್ನೋ ಗುರುತು ಬರುತ್ತೆ, 2700ರಲ್ಲಿ ನಲ್ ಕಳೆದ್ರೆ ಉತ್ತರಾನೂ ನಲ್. ಕೋಅಲೆಸ್ ಹಾಕಿ ನಲ್ ಇದ್ದಲ್ಲಿ ಸೊನ್ನೆ ಮಾಡಿದ್ಮೇಲೆ ಪಟ್ಟಿ ಪುಸ್ತಕಕ್ಕೆ ತಾಳೆ ಆಯ್ತು. ನಲ್ ಬೇರೆ, ಸೊನ್ನೆ ಬೇರೆ ಅಂತ ಎಷ್ಟೋ ಕಡೆ ಓದಿದ್ದೆ, ತಲೆಗೆ ಇಳಿದಿದ್ದು ಅವತ್ತು.

ಕೂಲಿ ರೇಟು ಜಾಸ್ತಿ ಆದಾಗ ಇನ್ನೊಂದು ಆಯ್ತು. ರೇಟನ್ನ ಆಳು ಟೇಬಲ್‌ನಲ್ಲೇ ಇಟ್ಟಿದ್ದೆ, ಅದನ್ನ ತಿದ್ದಿದ ಕೂಡ್ಲೆ ಹಳೇ ವಾರಗಳ ಬಟವಾಡೆಯೂ ಹೊಸ ರೇಟಲ್ಲಿ ಬರೋಕೆ ಶುರುವಾಯ್ತು. ಈಗ ರೇಟಿಗೇ ಬೇರೆ ಟೇಬಲ್ ಇದೆ, ಯಾವ ತಾರೀಕಿಂದ ಎಷ್ಟು ಅಂತ. ಹಾಜರಿ ತಾರೀಕಿನ ದಿನ ಅಥವಾ ಅದಕ್ಕೆ ಮುಂಚೆ ಶುರುವಾದ ರೇಟುಗಳಲ್ಲಿ ಕೊನೇದನ್ನ ಕ್ವೆರಿ ಹುಡುಕ್ಕೊಳ್ಳುತ್ತೆ. ಹಾಗೇ ಆಳು ಮತ್ತು ತಾರೀಕು ಸೇರಿಸಿ ಯುನೀಕ್ (ಅದೇ ಜೋಡಿ ಎರಡ್ಸಲ ಬರಬಾರದು ಅನ್ನೋ ನಿಯಮ) ಹಾಕಿದೀನಿ, ಮೇಸ್ತ್ರಿ ಚೀಟಿಯಿಂದ ಒಂದ್ಸಲ ನನ್ನ ಪುಸ್ತಕದಿಂದ ಒಂದ್ಸಲ ಅಂತ ಒಬ್ಬರಿಗೆ ಎರಡು ಹಾಜರಿ ಬೀಳೋದು ನಿಂತಿತು. ಸಂಜೆ ಪಿಜಿಡಂಪ್ ಕಮಾಂಡಲ್ಲಿ ಬ್ಯಾಕಪ್ ತೆಗೆದು ಪೆನ್‌ಡ್ರೈವ್‌ಗೆ ಹಾಕ್ತೀನಿ, ತಿಂಗಳಿಗೊಂದ್ಸಲ ಅದನ್ನ ಆಟಕ್ಕೆ ರಿಸ್ಟೋರ್ ಮಾಡಿ ಸಾಲು ಎಣಿಸ್ತೀನಿ.

ಪುಸ್ತಕ ಬರೆಯೋದನ್ನ ನಾನು ಒಂದು ಇಡೀ ವರ್ಷ ಬಿಡ್ಲಿಲ್ಲ. ಸಾಹುಕಾರ್ರು ಎರಡೆರಡು ಕೆಲಸ ಯಾಕೆ ಅಂತ ಕೇಳಿದ್ರು. ಕ್ವೆರಿ ಸರಿ ಇದ್ಯಾ ಅಂತ ಹೇಳೋಕೆ ನನಗೆ ಮೇಷ್ಟ್ರು ಯಾರೂ ಇಲ್ಲ, ಈ ಪುಸ್ತಕಾನೇ ಮೇಷ್ಟ್ರು ಅಂದೆ. ಆಮೇಲೆ ಅವರು ಕೇಳ್ಲಿಲ್ಲ.

ಈಗ ಕೊಯ್ಲಿನ ಲೆಕ್ಕ ಹಿಡ್ಕೊಂಡಿದೀನಿ. ಹಣ್ಣು ಕೊಯ್ಲು ಶುರುವಾದ್ರೆ ನಮ್ಮಲ್ಲಿ ಕೂಲಿ ಕೆಜಿ ಲೆಕ್ಕ, ಒಂದೇ ಮನೆಯೋರು ಒಂದೇ ಚೀಲಕ್ಕೆ ಕೊಯ್ದು ತಂದು ಸಮ ಬರ್ಕೊಳ್ಳಿ ರೈಟ್ರೇ ಅಂತಾರೆ. ಹಾಗಾಗಿ ತೂಕಕ್ಕೊಂದು ಟೇಬಲ್, ಆ ತೂಕದಲ್ಲಿ ಯಾರ ಪಾಲು ಎಷ್ಟು ಅನ್ನೋದಕ್ಕೆ ಇನ್ನೊಂದು ಟೇಬಲ್. ಹೋದ ವರ್ಷದ ಒಂದು ವಾರದ ತೂಕ ಆಟದಲ್ಲಿ ಹಾಕಿ ನೋಡಿದೆ. 37 ಕೆಜಿ ಇಬ್ಬರಿಗೆ ಹಂಚಿದ್ರೆ 18.5, ತೊಂದರೆ ಇಲ್ಲ. ಮೂರು ಜನಕ್ಕೆ ಹಂಚಿದ್ರೆ 12.33, ಮೂರೂ ಕೂಡಿದ್ರೆ 36.99, ಹತ್ತು ಗ್ರಾಂ ಎಲ್ಲೋ ಹೋಯ್ತು. ನನಗಿಂತ ಮುಂಚೆ ಇದ್ದ ರೈಟ್ರು ಪುಸ್ತಕದಲ್ಲಿ ಇಂಥ ಉಳಿಕೆಯನ್ನ ಯಾವಾಗ್ಲೂ ಕೊನೇ ಹೆಸರಿಗೆ ಸೇರಿಸಿದ್ದಾರೆ. ನಾನೂ ಕ್ವೆರಿಯನ್ನ ಹಾಗೇ ಬರೀತಿದೀನಿ.